ಬಹುಮಾನದ ಕುದುರೆ ಬಿಟ್ಟುಹೋದದ್ದು

ಕುದುರೆಗೂ ನಮಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಕುದುರೆ ಸಾಕಿದವರಿಲ್ಲ. ನಾನು ಕುದುರೆಯನ್ನು ಹತ್ತಿರದಿಂದ ನೋಡಿದ್ದು ಮೈಸೂರಿನಲ್ಲಿ ಟಾಂಗಾ ಹತ್ತಿದಾಗ ಮಾತ್ರ. ಆದರೂ ಈ ಸಲ ಅಮೆರಿಕದ ಒಂದು ಬೀಜದ ಕುದುರೆಯ ವಿಚಾರ ಬರೆಯಬೇಕು ಅಂತ ಕೂತಿದ್ದೇನೆ. ಹಟ್ಟಿಯಲ್ಲಿ ಒಂದೋ ಎರಡೋ ದನ ಕಟ್ಟಿಕೊಂಡು, ಅದು ಬೆದೆಗೆ ಬಂದಾಗ ಡಾಕ್ಟರಿಗೆ ಹೇಳಿ ಕಳಿಸುವ ನಮ್ಮಂಥವರಿಗೆ ಇದರಲ್ಲಿ ವಿಷಯ ಉಂಟು.

ಕಳೆದ ಮಳೆಗಾಲದಲ್ಲಿ ನಮ್ಮ ದನವೊಂದು ಕರು ಹಾಕಲು ಕಷ್ಟಪಟ್ಟಿತು. ತಂಗಿಯ ಮಗ ಪಶುವೈದ್ಯ. ಸಂಜೆ ಬಂದವ ಬೆಳಗಿನವರೆಗೆ ನನ್ನ ಜೊತೆ ಹಟ್ಟಿಯಲ್ಲೇ ಕೂತ. ಮಾತಿಗೆ ಮಾತು ಬಂದು ನಮ್ಮ ಮನೆಯಲ್ಲಿ ಹಿಂದೆ ಇದ್ದ ಹೋರಿಯ ಸುದ್ದಿ ಎತ್ತಿದೆ. ಆ ಹೋರಿಯ ಕತೆ ಆಮೇಲೆ ಹೇಳುತ್ತೇನೆ. ಕೇಳಿದ ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಇದೇ ಕತೆ ಅಮೆರಿಕದಲ್ಲಿ ಭಾರೀ ದೊಡ್ಡದಾಗಿ ನಡೆದದ್ದುಂಟು. ಇಂಪ್ರೆಸಿವ್ ಅಂತ ಒಂದು ಕುದುರೆ” ಎಂದ. ಮತ್ತೊಮ್ಮೆ ಬರುವಾಗ ಓದಲಿಕ್ಕೆ ಒಂದು ಕಟ್ಟು ಕಾಗದ ತಂದುಕೊಟ್ಟ. ಅವ ಹೇಳಿದ್ದು, ನಾನು ಓದಿದ್ದು ಎರಡೂ ಸೇರಿ ಈ ಬರಹ. ಅಭಿಪ್ರಾಯ ಮಾತ್ರ ನನ್ನದೇ.

ಅಮೆರಿಕದಲ್ಲಿ ದನ ಕಾಯುವವರ ಕುದುರೆಗೆ ಕ್ವಾರ್ಟರ್ ಹಾರ್ಸ್ ಎಂದು ಹೆಸರು. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ದೂರವನ್ನು ಕಣ್ಣು ಮುಚ್ಚಿ ಬಿಡುವುದರೊಳಗೆ ಓಡುತ್ತದೆ ಎಂಬ ಕಾರಣಕ್ಕೆ ಆ ಹೆಸರು ಬಂತು. ಗಿಡ್ಡ ಕಾಲು, ಅಗಲ ಎದೆ, ಹಿಂಭಾಗ ತುಂಬಿಕೊಂಡ ಗಟ್ಟಿಮುಟ್ಟು ಜೀವ. ಹಿಂಡಿನ ನಡುವೆ ನುಗ್ಗಿ ಬೇಕಾದ ಒಂದೇ ಕರುವನ್ನು ಬೇರೆ ಮಾಡುವುದು, ಸವಾರ ಹಗ್ಗ ಬೀಸಿ ಹಿಡಿದ ಹೋರಿ ಜಗ್ಗಿದಾಗ ಅಲುಗದೆ ಕಾಲೂರಿ ನಿಲ್ಲುವುದು, ಇದು ಅದರ ಕೆಲಸ. ನಮ್ಮಲ್ಲಿ ಗದ್ದೆಗೆ ಎತ್ತು ಹೇಗೋ ಅಲ್ಲಿಯ ಬಯಲಿಗೆ ಅದು ಹಾಗೆ. 1940ರಲ್ಲಿ ಟೆಕ್ಸಸ್ ರಾಜ್ಯದಲ್ಲಿ ಈ ತಳಿಗೆಂದೇ ಒಂದು ಸಂಘ ಕಟ್ಟಿಕೊಂಡರು. ಹುಟ್ಟಿದ ಮರಿಯ ಅಪ್ಪ ಯಾರು, ಅಮ್ಮ ಯಾರು, ಅವರ ಅಪ್ಪ ಅಮ್ಮ ಯಾರು ಎಂಬುದೆಲ್ಲ ಆ ಸಂಘದ ಪುಸ್ತಕದಲ್ಲಿ ದಾಖಲಾಗುತ್ತದೆ. ಈ ಪುಸ್ತಕದ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಕೆಲಸದ ಕುದುರೆಗೆ ಕೆಲಸದಲ್ಲೇ ಪರೀಕ್ಷೆ ಇತ್ತು. ಕ್ರಮೇಣ ಪ್ರದರ್ಶನಗಳು ದೊಡ್ಡದಾದವು. ಅದರಲ್ಲಿ ಒಂದು ವಿಭಾಗ ಹಾಲ್ಟರ್ ಎಂಬುದು. ಸವಾರಿ ಇಲ್ಲ, ದನ ಅಟ್ಟುವುದಿಲ್ಲ. ಮೂಗುದಾರದ ಹಾಗೆ ಮುಖಕ್ಕೆ ಒಂದು ಪಟ್ಟಿ ಕಟ್ಟಿ ನಡೆಸಿಕೊಂಡು ಬಂದು ನಿಲ್ಲಿಸುತ್ತಾರೆ. ತೀರ್ಪುಗಾರ ಸುತ್ತ ಬಂದು ಮೈಕಟ್ಟು ನೋಡುತ್ತಾನೆ. ಎದೆ ಎಷ್ಟು ಅಗಲ, ತೊಡೆ ಎಷ್ಟು ದಪ್ಪ, ಚರ್ಮ ಎಷ್ಟು ಮಿರುಗುತ್ತದೆ. ಅಷ್ಟೇ. ನಮ್ಮ ಕೃಷಿ ಮೇಳಗಳಲ್ಲಿ ಹೋರಿಗಳಿಗೆ ಎಣ್ಣೆ ತಿಕ್ಕಿ, ಕೊಂಬಿಗೆ ಬಣ್ಣ ಬಳಿದು ಸಾಲಾಗಿ ನಿಲ್ಲಿಸುತ್ತೇವಲ್ಲ, ಅದೇ ಕ್ರಮ.

ಇಂಪ್ರೆಸಿವ್ ಹುಟ್ಟಿದ್ದು 1969ರ ಏಪ್ರಿಲ್‌ನಲ್ಲಿ. ಅಪ್ಪ ಲಕ್ಕಿ ಬಾರ್, ಅಮ್ಮ ಗ್ಲಾಮರ್ ಬಾರ್ಸ್. ಕೆಂಪು ಮೈ. 1974ರಲ್ಲಿ, ಐದು ವರ್ಷ ಪ್ರಾಯದಲ್ಲಿ, ಅದು ಹಾಲ್ಟರ್ ವಿಭಾಗದ ಗಂಡು ಕುದುರೆಗಳಲ್ಲಿ ವಿಶ್ವ ಚಾಂಪಿಯನ್ ಆಯಿತು. ಅದರ ಚಿತ್ರವನ್ನು ನೋಡಿದ್ದೇನೆ. ಕುದುರೆ ಗೊತ್ತಿಲ್ಲದ ನನಗೂ ಕಣ್ಣು ನಿಂತಿತು. ತೊಡೆಯ ಒಂದೊಂದು ಮಾಂಸಖಂಡವೂ ಬೇರೆ ಬೇರೆ ಕಾಣುವ ಹಾಗೆ ಉಬ್ಬಿ ನಿಂತಿದೆ. ಅಂಥ ಮೈಕಟ್ಟು ಆ ತಳಿಯವರಿಗೆ ಹೊಸತು.

ಆಮೇಲೆ ಕೇಳುವುದೇನು, ಎಲ್ಲರಿಗೂ ಅದರದ್ದೇ ಮರಿ ಬೇಕು. ಒಟ್ಟು ಸುಮಾರು 2,250 ಮರಿಗಳಿಗೆ ಅದು ಅಪ್ಪನಾಯಿತು. ಅವುಗಳಲ್ಲಿ ಸುಮಾರು 30 ಮರಿಗಳು ಮುಂದೆ ತಾವೇ ವಿಶ್ವ ಚಾಂಪಿಯನ್ ಆದವು. ಅಪ್ಪನ ಮೈಕಟ್ಟು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಗೆಯೇ ಇಳಿಯಿತು. 1993ರ ಲೆಕ್ಕದಲ್ಲಿ ಹಾಲ್ಟರ್ ವಿಭಾಗದ ಮೊದಲ 15 ಕುದುರೆಗಳಲ್ಲಿ 13 ಇದರ ಸಂತಾನ. ಆಗ ಬದುಕಿದ್ದ ಅದರ ವಂಶದ ಕುದುರೆಗಳು 55,000 ಎಂದು ಅಂದಾಜು. ಪೇಂಟ್, ಅಪ್ಪಲೂಸಾ ಎಂಬ ಬೇರೆ ತಳಿಗಳಿಗೂ ಅದರ ರಕ್ತ ಹೋಯಿತು. ಒಂದು ಜೀವದಿಂದ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಇಷ್ಟು. 1995ರ ಮಾರ್ಚ್‌ನಲ್ಲಿ, 26 ವರ್ಷ ತುಂಬಲಿಕ್ಕೆ ತಿಂಗಳೂ ಇಲ್ಲ ಎನ್ನುವಾಗ ಅದು ಸತ್ತಿತು. ಕುದುರೆಗೆ ಅದು ಒಳ್ಳೆಯ ಆಯುಷ್ಯವೇ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಇದರ ವಂಶ ಹಬ್ಬುತ್ತಿದ್ದ ಹಾಗೆಯೇ ಕೆಲವು ಲಾಯಗಳಿಂದ ಒಂದು ವಿಚಿತ್ರ ಸುದ್ದಿ ಬರತೊಡಗಿತು. ಚೆನ್ನಾಗಿ ಮೇಯುತ್ತಿದ್ದ ಕುದುರೆಗೆ ಇದ್ದಕ್ಕಿದ್ದ ಹಾಗೆ ಪಕ್ಕೆಯಲ್ಲಿ, ಹೆಗಲಲ್ಲಿ ಚರ್ಮ ಅದುರಲು ಸುರುವಾಗುತ್ತದೆ. ನೊಣ ಕೂತರೆ ದನ ಮೈ ಕೊಡವುತ್ತದಲ್ಲ, ಹಾಗೆ, ಆದರೆ ನಿಲ್ಲುವುದಿಲ್ಲ. ಕಣ್ಣಿನ ಮೂಲೆಯ ಬಿಳಿ ಪೊರೆ ಮುಂದೆ ಬರುತ್ತದೆ. ಹಿಂಗಾಲಿನ ಬಲ ಹೋಗಿ ನಾಯಿ ಕೂತ ಹಾಗೆ ಕೂರುತ್ತದೆ. ಕೆಲವು ನೆಲಕ್ಕೆ ಬೀಳುತ್ತವೆ. ಗಂಟಲಿನ ಸ್ನಾಯು ಸೋತರೆ ಉಸಿರಾಟಕ್ಕೆ ಗೊರಗೊರ ಸದ್ದು. ಹೃದಯ ನಿಂತು ಸತ್ತವೂ ಇದ್ದವು. ಸಾಯದೆ ಉಳಿದರೆ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಎದ್ದು, ಏನೂ ಆಗಲೇ ಇಲ್ಲ ಎನ್ನುವ ಹಾಗೆ ಮೇಯಲು ಹೋಗುತ್ತದೆ! ಡಾಕ್ಟರು ಬರುವಾಗ ಕುದುರೆ ಸರಿಯಾಗಿಯೇ ಇರುತ್ತದೆ. ಯಜಮಾನರು ಹೊಟ್ಟೆನೋವು ಎಂದುಕೊಂಡರು, ದುಡಿಮೆ ಹೆಚ್ಚಾಗಿ ಮೈ ಹಿಡಿದುಕೊಂಡಿತು ಎಂದರು.

1985ರಲ್ಲಿ ಅಂಥ ನಾಲ್ಕು ಕುದುರೆಗಳ ರಕ್ತದಲ್ಲಿ ಪೊಟ್ಯಾಶಿಯಂ ಆಗಾಗ ಏರುತ್ತಿದ್ದದ್ದು ವರದಿಯಾಯಿತು. ಮನುಷ್ಯರಲ್ಲಿಯೂ ಹೀಗೇ ಬಂದು ಹೋಗುವ ಒಂದು ಪಾರ್ಶ್ವವಾಯು ಉಂಟು, ವಂಶದಲ್ಲಿ ಬರುವಂಥದ್ದು. ಇದೂ ಅದೇ ಬಗೆ. ಸ್ನಾಯುವಿನ ಜೀವಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ಬರಲಿಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ತೆರೆದ ಬಾಗಿಲು ಕೂಡಲೇ ಮುಚ್ಚಬೇಕು. ಇವುಗಳಲ್ಲಿ ಕೆಲವು ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಸ್ನಾಯು ಸುಮ್ಮನೆ ಕೆರಳುತ್ತದೆ, ಪೊಟ್ಯಾಶಿಯಂ ಹೊರಗೆ ರಕ್ತಕ್ಕೆ ಸೇರುತ್ತದೆ. ಪೊಟ್ಯಾಶಿಯಂ ಜಾಸ್ತಿ ಇರುವ ಲೂಸರ್ನ್ ಹುಲ್ಲು, ಕಾಕಂಬಿ ಬೆರೆಸಿದ ಆಹಾರ, ಹೊಟ್ಟೆಗೆ ಹಾಕದೆ ಇರುವುದು, ಲಾರಿಯಲ್ಲಿ ದೂರ ಸಾಗಿಸುವುದು, ಇವೆಲ್ಲ ಕಾಯಿಲೆಯನ್ನು ಎಬ್ಬಿಸುತ್ತವೆ. ಒಳ್ಳೆಯ ಮೇವು ಎಂದು ಹಾಕಿದ್ದೇ ಅದಕ್ಕೆ ವಿಷ.

1992ರಲ್ಲಿ ವಿಜ್ಞಾನಿಗಳು ಆ ದೋಷ ಇರುವ ವಂಶವಾಹಿಯನ್ನೇ ಪತ್ತೆ ಮಾಡಿದರು. ಒಂದೇ ಒಂದು ಅಕ್ಷರದ ವ್ಯತ್ಯಾಸ. ಆಮೇಲೆ ಸಂಘದ ಆ ಪುಸ್ತಕ ಬಿಡಿಸಿ ಕಾಯಿಲೆಯ ಕುದುರೆಗಳ ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹೋದರೆ ದಾರಿಗಳೆಲ್ಲ ಹೋಗಿ ಸೇರುವುದು ಒಂದೇ ಹೆಸರಿಗೆ. ಇಂಪ್ರೆಸಿವ್.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಪ್ರದರ್ಶನದ ತೀರ್ಪುಗಾರರು ಈ ದೋಷ ಇರುವ ಕುದುರೆಗಳನ್ನೇ ಹೆಚ್ಚಾಗಿ ಮೇಲಿನ ಸ್ಥಾನಕ್ಕೆ ಆರಿಸುತ್ತಿದ್ದರು ಎಂದು ಅದರಲ್ಲಿ ಕಂಡುಬಂತು. ಗೊತ್ತಿದ್ದು ಮಾಡಿದ್ದು ಎಂದು ಅರ್ಥವಲ್ಲ. ಅವರ ಕಣ್ಣಿಗೆ ಚಂದ ಕಂಡದ್ದು ಆ ಉಬ್ಬಿದ ಮಾಂಸಖಂಡ. ಸ್ನಾಯು ಬಿಡುವಿಲ್ಲದೆ ಕೆರಳುತ್ತಿದ್ದುದರಿಂದಲೇ ಅದು ಹಾಗೆ ಬೆಳೆಯಿತು ಎಂಬ ವಿವರಣೆ ಉಂಟು. ನಿಂತಲ್ಲೇ ಗರಡಿ ಸಾಧನೆ ಮಾಡಿದ ಹಾಗೆ. ಅಂದರೆ ಬಹುಮಾನ ಸಿಕ್ಕಿದ್ದೂ ಕಾಯಿಲೆ ಬಂದದ್ದೂ ಒಂದೇ ಕಡೆಯಿಂದ ಇದ್ದೀತು!

ಈಗ ನನ್ನ ತಕರಾರು ಎಲ್ಲಿ ಎಂದು ಹೇಳುತ್ತೇನೆ. ಕುದುರೆಯ ಮೇಲೆ ಇಲ್ಲ. ಅದು ಬೇಡಿ ಹುಟ್ಟಿದ್ದಲ್ಲ. 1974ರಿಂದ 1992ರವರೆಗೆ ಮರಿ ಮಾಡಿಸಿದವರ ಮೇಲೂ ದೊಡ್ಡ ತಕರಾರು ಇಲ್ಲ. ಗೊತ್ತಿರಲಿಲ್ಲ, ಅಥವಾ ಅರ್ಧ ಗೊತ್ತಿತ್ತು. 1992ರ ನಂತರದ ವಿಚಾರವೇ ಬೇರೆ.

ಯಾಕೆ ಹೇಳಿದರೆ, ಈ ಕಾಯಿಲೆ ಅಡಗಿ ಕೂರುವ ಜಾತಿಯದ್ದಲ್ಲ. ಪ್ರತಿ ಗುಣಕ್ಕೂ ಜೀವಿಯಲ್ಲಿ ಎರಡು ಪ್ರತಿ ಇರುತ್ತದೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಇಲ್ಲಿ ಒಂದು ಪ್ರತಿ ಕೆಟ್ಟದ್ದು ಬಂದರೂ ಸಾಕು, ಕಾಯಿಲೆಯ ಸಾಧ್ಯತೆ ಬಂತು. ಎರಡೂ ಕೆಟ್ಟದ್ದಾದರೆ ಕಾಟ ಹೆಚ್ಚು. ಒಂದು ಕೆಟ್ಟ ಪ್ರತಿ ಇರುವ ಗಂಡಿನಿಂದ ಒಳ್ಳೆಯ ಹೆಣ್ಣಿಗೆ ಹುಟ್ಟುವ ಮರಿಗಳಲ್ಲಿ ಸರಾಸರಿ ಅರ್ಧಕ್ಕೆ ದೋಷ ಹೋಗುತ್ತದೆ, ಉಳಿದ ಅರ್ಧ ಪೂರ್ತಿ ಶುದ್ಧ. ಆ ಶುದ್ಧವಾದವುಗಳಿಂದ ಮುಂದಕ್ಕೆ ಈ ಕಾಯಿಲೆ ಹೋಗುವುದೇ ಇಲ್ಲ. ಒಂದು ಪರೀಕ್ಷೆ ಮಾಡಿಸಿದರೆ ಯಾವುದು ಎಂಥದ್ದು ಎಂದು ಗೊತ್ತಾಗುತ್ತದೆ. ಆ ದೊಡ್ಡ ವಂಶವನ್ನು ಅಳಿಸುವ ಅಗತ್ಯವೂ ಇರಲಿಲ್ಲ. ದೋಷ ಇದ್ದವನ್ನು ಸಾಕಿಕೊಂಡು, ಮರಿ ಮಾಡಿಸುವುದು ಮಾತ್ರ ನಿಲ್ಲಿಸಿದ್ದರೆ ಒಂದೇ ತಲೆಮಾರಿನಲ್ಲಿ ಮುಗಿಯುತ್ತಿತ್ತು.

ಮುಗಿಯಲಿಲ್ಲ. ದೋಷ ಇರುವುದೇ ಬಹುಮಾನ ಗೆಲ್ಲುತ್ತದೆ, ಬಹುಮಾನ ಗೆದ್ದದ್ದಕ್ಕೇ ಬೆಲೆ. ಸಂಘ ಇದನ್ನು ವಂಶದ ದೋಷ ಎಂದು ಒಪ್ಪಿಕೊಂಡದ್ದು 1996ರಲ್ಲಿ. 1998ರಿಂದ ಹುಟ್ಟಿದ ಈ ವಂಶದ ಮರಿಗಳ ನೋಂದಣಿ ಪತ್ರದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ಎರಡೂ ಪ್ರತಿ ಕೆಟ್ಟಿರುವ ಮರಿಗಳಿಗೆ ನೋಂದಣಿ ಇಲ್ಲ ಎಂಬ ನಿಯಮ ಬಂದದ್ದು 2007ರಿಂದ ಹುಟ್ಟಿದವಕ್ಕೆ. ಒಂದು ಪ್ರತಿ ಕೆಟ್ಟಿರುವವಕ್ಕೆ ಆಗಲೂ ಬಾಗಿಲು ತೆರೆದೇ ಇತ್ತು. ಕಾಯಿಲೆಯ ಮೂಲ ಗೊತ್ತಾಗಿ 15 ವರ್ಷದ ಮೇಲೆ ಅರ್ಧ ಬಾಗಿಲು ಹಾಕಿದರು! ಅಷ್ಟರಲ್ಲಿ ವಂಶದ ಸಂಖ್ಯೆ ಲಕ್ಷ ದಾಟಿತ್ತು. ಅಷ್ಟು ಓದಿದ, ಅಷ್ಟು ಹಣ ಇರುವ, ಅಷ್ಟು ಚೊಕ್ಕ ಲೆಕ್ಕ ಇಡುವ ಜನ ಯಾಕೆ ಹೀಗೆ ಮಾಡಿದರು ಎಂದು ತಂಗಿಯ ಮಗನನ್ನು ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು.

ಈಗ ನಮ್ಮ ಹೋರಿಯ ಕತೆ.

1983ರಲ್ಲಿ ಅಪ್ಪ ಒಂದು ಜರ್ಸಿ ಮಿಶ್ರತಳಿಯ ಹೋರಿ ಕರು ತಂದರು. ಕೆಂಪ ಎಂದು ಕರೆಯುತ್ತಿದ್ದೆವು. ಆಗ ನಮ್ಮ ಕಡೆ ಇಂಜೆಕ್ಷನ್ ಕೊಡಿಸಬೇಕಿದ್ದರೆ ದನವನ್ನು ಆರೇಳು ಮೈಲು ಅಟ್ಟಿಕೊಂಡು ಹೋಗಬೇಕಿತ್ತು. ಹೋಗಿ ಮುಟ್ಟುವಾಗ ಬೆದೆ ಇಳಿದಿರುತ್ತಿತ್ತು. ಹಾಲಿನ ಸೊಸೈಟಿ ಆಗಷ್ಟೇ ಸುರುವಾಗಿ ಎಲ್ಲರಿಗೂ ಜರ್ಸಿ ಕರು ಬೇಕೆಂಬ ಆಸೆ. ಹಾಗಾಗಿ ಕೆಂಪನಿಗೆ ಭಾರೀ ಬೇಡಿಕೆ. ಒಂದು ದನಕ್ಕೆ 20 ರೂಪಾಯಿ, ಜೊತೆಗೆ ಹೋರಿಗೆಂದು ಒಂದು ಸೇರು ಹುರುಳಿ. ಯಾರ ದನ, ಯಾವ ದಿನ ಎಂದು ಬರೆದಿಡುವ ಕೆಲಸ ನನ್ನದು. 1986ರಲ್ಲಿ ಜಾನುವಾರು ಪ್ರದರ್ಶನದಲ್ಲಿ ಕೆಂಪನಿಗೆ ಮೊದಲ ಬಹುಮಾನ ಬಂತು. ಒಂದು ಹಿತ್ತಾಳೆಯ ಕೊಡಪಾನ, ಒಂದು ಕಾಗದ. ಕಾಗದಕ್ಕೆ ಕಟ್ಟು ಹಾಕಿಸಿ ಅಪ್ಪ ಚಾವಡಿಯಲ್ಲಿ ತೂಗಹಾಕಿದರು. ಅದರ ಮರುದಿನದಿಂದ ಜನ ಇಮ್ಮಡಿ.

ಮೊದಲನೇ ಸಾಲಿನ ಕರುಗಳಲ್ಲೇ ಎರಡಕ್ಕೆ ಹೊಕ್ಕುಳು ಊದಿಕೊಂಡಿತ್ತು. ಎಳೆ ಕರುವಿಗೆ ಹೊಕ್ಕುಳಲ್ಲಿ ಕೀವಾಗಿ ಊದುವುದು ಉಂಟು, ಅದು ಮದ್ದಿಗೆ ಗುಣವಾಗುತ್ತದೆ. ಇದು ಹಾಗಲ್ಲ. ಬೆರಳು ಇಟ್ಟರೆ ಒಳಗೆ ಹೋಗುತ್ತದೆ, ಹೊಟ್ಟೆಯ ಗೋಡೆಯಲ್ಲೇ ತೂತು. ಕರು ಬೆಳೆದ ಹಾಗೆ ಕರುಳು ಅದರಲ್ಲಿ ಇಳಿದು ಚೀಲದ ಹಾಗೆ ನೇತಾಡುತ್ತದೆ. ಡಾಕ್ಟರರು ಹರ್ನಿಯಾ ಎನ್ನುತ್ತಾರೆ, ಕೊಯ್ದು ಹೊಲಿಯಬೇಕು. ನಮ್ಮ ಮನೆಯಲ್ಲೇ ಒಂದು ಕರು ಹಾಗಾಯಿತು. ಮತ್ತೆ ಅಲ್ಲೊಂದು ಇಲ್ಲೊಂದು ಸುದ್ದಿ. ಎಲ್ಲ ಹರ್ನಿಯಾವೂ ವಂಶದಿಂದಲೇ ಬರುತ್ತದೆ ಎಂದಿಲ್ಲ, ಆದರೆ ವಂಶದಿಂದ ಬರುವುದು ಉಂಟು, ಅದು ಡಾಕ್ಟರರಿಗೆಲ್ಲ ಗೊತ್ತಿರುವ ವಿಷಯ. ನಾನು ಚೀಟಿಪುಸ್ತಕದಲ್ಲಿ ಅಂಥ ಹೆಸರುಗಳ ಎದುರು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಾ ಬಂದೆ. ಐದು ವರ್ಷದಲ್ಲಿ ಬಂದ ದನ 200ಕ್ಕೂ ಮೇಲೆ. ನಮ್ಮ ಕಿವಿಗೆ ಬಿದ್ದವುಗಳಿಗೆ ಇಟ್ಟ ಚುಕ್ಕೆ 11. ಕಿವಿಗೆ ಬೀಳದ್ದು ಎಷ್ಟೋ.

ನಾಲ್ಕನೇ ಚುಕ್ಕೆ ಇಟ್ಟ ದಿನ ಅಪ್ಪನಿಗೆ ತೋರಿಸಿದೆ. ಅವರು ನೋಡಿದರು. “ಬಹುಮಾನ ಕೊಟ್ಟವರಿಗೆ ಕಾಣದ್ದು ನಿನಗೆ ಕಂಡಿತಾ?” ಎಂದರು. ಆಮೇಲೆ ಆ ವಿಷಯ ಮನೆಯಲ್ಲಿ ಮಾತಾಡಲಿಲ್ಲ. ಅಪ್ಪನೊಬ್ಬರನ್ನೇ ದೂರುವುದು ಸರಿಯಲ್ಲ. ಅಂಗಳಕ್ಕೆ ಬಂದ 20 ರೂಪಾಯಿಯನ್ನು ತೆಗೆದಿಡುತ್ತಿದ್ದದ್ದು ನಾನೇ. ನನ್ನ ತಂಗಿಯ ಮದುವೆಯ ಖರ್ಚಿಗೆ ಅದರಲ್ಲಿ ಸ್ವಲ್ಪ ಹೋಗಿದೆ.

ಗುಡ್ಡೆಯ ಆಚೆ ಒಬ್ಬಳು ಅಕ್ಕ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಒಂದೇ ದನದ ಹಾಲಿನಲ್ಲಿ ಇಬ್ಬರು ಮಕ್ಕಳನ್ನು ಓದಿಸಿದವಳು. ಅವಳ ದನಕ್ಕೆ ಹುಟ್ಟಿದ ಹೆಣ್ಣು ಕರುವಿಗೂ ಹಾಗೇ ಆಯಿತು. ಕೊಯ್ಯಿಸುವ ಶಕ್ತಿ ಇರಲಿಲ್ಲ. ಕಡಸಾಗುವ ಮೊದಲೇ ಕಟುಕರಿಗೆ ಕೊಟ್ಟಳು. ಆ ಮೇಲೆ ಒಮ್ಮೆ ಸೊಸೈಟಿಯಲ್ಲಿ ಸಿಕ್ಕಿದಾಗ ನಾನು ಮುಖ ತಪ್ಪಿಸುವುದು ನೋಡಿ, “ನಿಮ್ಮ ಹೋರಿ ಒಳ್ಳೆಯದೇ ಅಣ್ಣ, ನನ್ನ ಹಣೆಬರಹ ಸರಿ ಇಲ್ಲ” ಅಂದಳು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. 1988ರಲ್ಲಿ ಕೆಂಪ ಕಾಲು ಮುರಿದುಕೊಂಡು ಸತ್ತ. ಹಾಗಾಗಿ ನಿಂತಿತು. ನಾವು ನಿಲ್ಲಿಸಿದ್ದಲ್ಲ.

ಅಮೆರಿಕದ ಕುದುರೆಯವರು ಯಾಕೆ ಹಾಗೆ ಮಾಡಿದರು ಎಂದು ನಾನು ಕೇಳದೆ ಇದ್ದದ್ದು ಇದಕ್ಕೆ.

ಇಷ್ಟಾಗಿ ಇದೆಲ್ಲ ಹಳೆಯ ಕಾಲದ್ದು, ಈಗ ಹೋರಿಯೇ ಇಲ್ಲ, ಮನೆ ಬಾಗಿಲಿಗೇ ನೈಟ್ರೋಜನ್ ಕ್ಯಾನು ಬರುತ್ತದೆ ಎಂದು ನೀವು ಹೇಳಬಹುದು. ಅಲ್ಲೇ ವಿಷಯ ಇರುವುದು. ಇಂಪ್ರೆಸಿವ್ ತನ್ನ ಇಡೀ ಜೀವನದಲ್ಲಿ ಮಾಡಿದ ಮರಿ 2,250. ಹೋರಿಯ ವೀರ್ಯವನ್ನು ಘನೀಕರಿಸಿ ಇಟ್ಟರೆ ಅದರ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ ಹೆಣ್ಣು ಮಕ್ಕಳೇ 16,000. ಮೊಮ್ಮಕ್ಕಳು 5 ಲಕ್ಷ, ಮರಿಮಕ್ಕಳು 20 ಲಕ್ಷದ ಮೇಲೆ. ಹಾಲು ಕೊಡುವುದರಲ್ಲಿ ಅದರ ಸಂತಾನ ಎತ್ತಿದ ಕೈ. ಅದರ ಒಂದು ವಂಶವಾಹಿಯಲ್ಲಿ ದೋಷ ಇತ್ತು ಎಂದು ಗೊತ್ತಾಗಲಿಕ್ಕೆ 2016 ಬರಬೇಕಾಯಿತು. ಅಪ್ಪ ಅಮ್ಮ ಎರಡೂ ಕಡೆಯಿಂದ ಆ ದೋಷ ಕೂಡಿ ಬಂದರೆ ಕರು ಹೊಟ್ಟೆಯಲ್ಲೇ ಹೋಗುತ್ತದೆ. ಹಾಗೆ ಲೋಕದಲ್ಲಿ ಗಬ್ಬ ಹೋದದ್ದು 5 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು ಮಾಡಿದ್ದಾರೆ. ನಷ್ಟ 42 ಕೋಟಿ ಡಾಲರ್. ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು: ಅದರ ಸಂತಾನದಿಂದ ಹೆಚ್ಚಿದ ಹಾಲಿನ ಬೆಲೆ 3,000 ಕೋಟಿ ಡಾಲರ್ ಎಂಬ ಲೆಕ್ಕವೂ ಅಲ್ಲೇ ಇದೆ. ಒಟ್ಟು ಲೆಕ್ಕದಲ್ಲಿ ಲಾಭವೇ. ಆದರೆ ಒಂದೇ ದನ ಇರುವವನಿಗೆ ಒಟ್ಟು ಲೆಕ್ಕ ಎಂತಕ್ಕೆ? ಅವನ ದನ ಗಬ್ಬ ಹಾಕಿದರೆ ಅವನಿಗೆ ನಷ್ಟ ನೂರಕ್ಕೆ ನೂರು.

1952ರಲ್ಲಿ ಹುಟ್ಟಿದ ಇನ್ನೊಂದು ಹೋರಿ, ಓಸ್ಬೋರ್ನ್‌ಡೇಲ್ ಐವನ್‌ಹೋ. ಅದರಿಂದ ಹಬ್ಬಿದ ದೋಷಕ್ಕೆ ಬ್ಲಾಡ್ ಎಂದು ಹೆಸರು. ಎರಡು ಪ್ರತಿಯೂ ಕೆಟ್ಟು ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಕೆಮ್ಮು, ಭೇದಿ, ಬಾಯಿಹುಣ್ಣು ಎಂದು ಒಂದರ ಮೇಲೊಂದು ಬಂದು ಎಳವೆಯಲ್ಲೇ ಸಾಯುತ್ತದೆ. ಇದು ಕುದುರೆಯ ಕಾಯಿಲೆಗಿಂತ ಕಳ್ಳ. ಒಂದೇ ಪ್ರತಿ ಕೆಟ್ಟಿರುವ ಹೋರಿ ನೋಡಲಿಕ್ಕೆ ಕಲ್ಲುಗುಂಡಿನ ಹಾಗಿರುತ್ತದೆ. ಪರೀಕ್ಷೆ ಬರುವ ಹೊತ್ತಿಗೆ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳಲ್ಲಿ ನೂರರಲ್ಲಿ 14ರಷ್ಟು ಇದನ್ನು ಹೊತ್ತಿದ್ದವು. ನಮ್ಮ ಹಟ್ಟಿಯ ಕಪ್ಪುಬಿಳುಪು ಎಚ್.ಎಫ್. ಎಂದರೆ ಅದೇ ಹೋಲ್‌ಸ್ಟೀನ್. ಈ ಕತೆ ಸಮುದ್ರದ ಆಚೆಯದ್ದು ಎಂದು ನಾವು ಸುಮ್ಮನೆ ಕೂರುವ ಹಾಗಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ವೀರ್ಯ ಕೇಂದ್ರಗಳಿಗೆ ಸೇರಿಸುವ ಎಚ್.ಎಫ್. ಮತ್ತು ಅದರ ಮಿಶ್ರತಳಿಯ ಹೋರಿಗಳನ್ನು ಬ್ಲಾಡ್ ಮತ್ತು ಅಂಥ ಕೆಲವು ದೋಷಗಳಿಗೆ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರಕಾರದ ನಿಯಮವಿದೆ. ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬ್ರ, ಯಾವ ಕೇಂದ್ರದ್ದು, ಯಾವ ದಿನದ್ದು ಎಂದೆಲ್ಲ ಅಚ್ಚು ಹಾಕಿರುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಕ್ಯಾನಿನಿಂದ ತೆಗೆದ ಕಡ್ಡಿ ಕೆಲಸ ಮುಗಿದ ಕೂಡಲೇ ಗೊಬ್ಬರದ ಗುಂಡಿಗೆ ಹೋಗುತ್ತದೆ. ನಂಬ್ರ ಬರೆದಿಟ್ಟವರು ಎಷ್ಟು ಮಂದಿ? “ಎಚ್ಚೆಫ್ಫಾ ಜರ್ಸಿಯಾ” ಎಂದು ಕೇಳುತ್ತೇವೆ, ಅಲ್ಲಿಗೆ ಮುಗಿಯಿತು. ಮೂರು ವರ್ಷ ಕಳೆದು ಆ ಕರು ಬೆದೆಗೆ ಬಂದಾಗ ಅದರ ಅಪ್ಪನದ್ದೇ ಕಡ್ಡಿ ಅದಕ್ಕೇ ಹಾಕಿಸಿದರೂ ನಮಗೆ ಗೊತ್ತಾಗುವುದಿಲ್ಲ. ಅಡಗಿ ಕೂತ ದೋಷ ಎರಡೂ ಕಡೆಯಿಂದ ಒಟ್ಟು ಸೇರುವುದಕ್ಕೆ ಅದಕ್ಕಿಂತ ಹತ್ತಿರದ ದಾರಿ ಬೇರೆ ಇಲ್ಲ.

ಅಡಿಕೆಗೆ ನಾವು ಹೀಗೆ ಮಾಡುವುದಿಲ್ಲ ಎಂಬುದೇ ತಮಾಷೆ. ಬೀಜದ ಗೋಟು ಆರಿಸುವಾಗ ಒಂದು ವರ್ಷದ ಗೊನೆ ನೋಡಿ ಯಾರೂ ಮರ ಗೊತ್ತು ಮಾಡುವುದಿಲ್ಲ. ನಾಲ್ಕಾರು ವರ್ಷದ ಫಸಲು, ಕೊಳೆ ಬರುತ್ತದಾ, ಸಿಂಗಾರ ಒಣಗುತ್ತದಾ, ಎಲ್ಲ ನೋಡುತ್ತೇವೆ. ಒಂದೇ ತಾಯಿಮರದಿಂದ ಇಡೀ ತೋಟ ಎಬ್ಬಿಸುವುದಿಲ್ಲ. ಮರಕ್ಕೆ ಕೊಡುವ ಈ ಬುದ್ಧಿಯನ್ನು ಹಟ್ಟಿಗೆ ಯಾಕೆ ಕೊಡುವುದಿಲ್ಲ?

ನನ್ನ ಅಭಿಪ್ರಾಯ ಇಷ್ಟೇ. ಇಂಜೆಕ್ಷನ್ ಕೊಡುವವರ ಹತ್ತಿರ ನಂಬ್ರ ಕೇಳಿ ಬರೆಸಿಕೊಳ್ಳುವುದಕ್ಕೆ ನಾಚಿಕೆ ಬೇಡ. ಕಳೆದ ಸಲದ ನಂಬ್ರವೇ ಬಂದರೆ ಬೇರೆ ಉಂಟಾ ಎಂದು ಕೇಳಿ. ಕರುವಿಗೆ ಹುಟ್ಟುವಾಗಲೇ ಏನಾದರೂ ಊನ ಕಂಡರೆ ನಂಬ್ರ ಸಮೇತ ಡಾಕ್ಟರಿಗೆ ಹೇಳಿ. ಒಬ್ಬನ ಮನೆಯ ಒಂದು ಕರು ಹಣೆಬರಹ ಆಗುತ್ತದೆ, ಹತ್ತು ಮನೆಯ ಹತ್ತು ಕರು ಲೆಕ್ಕ ಆಗುತ್ತದೆ. ಸೊಸೈಟಿಯವರು ಹಾಲಿನ ಫ್ಯಾಟು ಬರೆಯುವ ಪುಸ್ತಕದ ಹಾಗೆ ಇದಕ್ಕೂ ಒಂದು ಪುಸ್ತಕ ಇಟ್ಟರೆ ಖರ್ಚೇನೂ ಇಲ್ಲ. ಕುದುರೆಯವರ ಗುಟ್ಟು ಹೊರಗೆ ಬಿದ್ದದ್ದು ಅವರ ಪುಸ್ತಕದಿಂದಲೇ. ಅವರು ಕಂಡದ್ದನ್ನು ನುಂಗಿದರು, ಆ ಮಾತು ಬೇರೆ. ನಮಗೆ ನುಂಗುವುದಕ್ಕೂ ಪುಸ್ತಕ ಇಲ್ಲ.

ಇನ್ನು, ಈಗಲೂ ಮನೆಯಲ್ಲಿ ಬೀಜದ ಹೋರಿ ಇಟ್ಟವರು ಇದ್ದಾರೆ. ಇಂಜೆಕ್ಷನ್ನಿಗೆ ಗಬ್ಬ ನಿಲ್ಲದ ದನಗಳಿಗೆ ಅವರೇ ಗತಿ, ಬೇಡ ಎಂದು ನಾನು ಹೇಳುವುದಿಲ್ಲ. ಆ ಹೋರಿಗಳಿಗೆ ಯಾವ ಪರೀಕ್ಷೆಯೂ ಇಲ್ಲ, ಯಜಮಾನನ ಬಾಯಿಯೇ ಪರೀಕ್ಷೆ. ಕರುಗಳಲ್ಲಿ ತಪ್ಪು ಕಂಡರೆ ದಯಮಾಡಿ ಬಾಯಿ ಬಿಡಿ. ಚಾವಡಿಯಲ್ಲಿ ತೂಗುವ ಬಹುಮಾನದ ಕಾಗದ ಎಷ್ಟು ಭಾರ ಎಂದು ನನಗೆ ಗೊತ್ತು.

ಇಂಪ್ರೆಸಿವ್‌ನ ಕಾಗದಗಳನ್ನು ಓದಿ ಮುಗಿಸಿದ ಮೇಲೆ ಅಟ್ಟ ಹುಡುಕಿ ಹಳೆಯ ಚೀಟಿಪುಸ್ತಕ ತೆಗೆದೆ. ಅರ್ಧ ಗೆದ್ದಲು ತಿಂದಿತ್ತು, ಪೆನ್ಸಿಲ್ ಚುಕ್ಕೆಗಳು ಇದ್ದವು. ಅದನ್ನು ಹಿಡಿದುಕೊಂಡು ಗುಡ್ಡೆ ಹತ್ತಿ ಆ ಅಕ್ಕನ ಮನೆಗೆ ಹೋದೆ. ಅವಳಿಗೆ ಈಗ ಎಪ್ಪತ್ತರ ಮೇಲಾಯಿತು. ಮಕ್ಕಳು ಮಂಗಳೂರಿನಲ್ಲಿ. ಈಗಲೂ ಒಂದು ದನ ಇಟ್ಟುಕೊಂಡಿದ್ದಾಳೆ. ಹೇಳಬೇಕಾದ್ದನ್ನು ಹೇಳಿದೆ. ನಮಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವಳು ತುಂಬ ಹೊತ್ತು ಅಡಿಕೆ ಕೆತ್ತುತ್ತಾ ಇದ್ದಳು. ಆಮೇಲೆ, “ಆ ಕರು ಹೋಗಿ ಎಷ್ಟು ವರ್ಷವಾಯಿತು ಅಣ್ಣ. ಈಗ ಇರುವ ಇದು ನಾಡಿದ್ದು ಬೆದೆಗೆ ಬರುತ್ತದೆ. ಇದಕ್ಕೆ ಯಾವ ನಂಬ್ರ ಹಾಕಿಸುವುದು, ಅದನ್ನು ಹೇಳಿ” ಎಂದಳು.

ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ದನದ ಕಾರ್ಡು ತೆಗೆದು ಕೊಟ್ಟಳು. ಕನ್ನಡಕ ಹಾಕಿ ನೋಡಿದೆ. ಅದರ ಹಿಂದಿನ ಎರಡು ಕರುಗಳ ತಾರೀಕು ಬರೆದಿತ್ತು. ಹೋರಿಯ ನಂಬ್ರದ ಜಾಗ ಎರಡೂ ಕಡೆ ಖಾಲಿ.